ಹುಳದ ಮನೆಯಲ್ಲಿ ಒಗ್ಗರಣೆ

ಒಂದು ಒಗ್ಗರಣೆ ಸೌಟು ಕೊಟ್ಟು, ಡಬ್ಬಿಗಳಲ್ಲಿ ಏನಿದೆ ಅಂತ ತೋರಿಸಿಬಿಟ್ಟರೆ ಸಾಕು. ಬಂದವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನಾನು ತಟ್ಟೆ ಹಾಕಿರುತ್ತೇನೆ. ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬವೇ. ನಾನು ಇದನ್ನು ಕಷ್ಟಪಟ್ಟು ಸಂಪಾದಿಸಿದ್ದೇನೆ, ಪುಕ್ಕಟೆ ಬಂದಿದ್ದಲ್ಲ.

ಕಲಿತದ್ದು ಅಮ್ಮನಿಂದ. ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಬಸ್ಸಿನ ಕಂಡಕ್ಟರು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಬಂದರೆ ಇನ್ನೊಂದು ದಿನ ನಾವೆಲ್ಲ ಆಕಳಿಸುವ ಹೊತ್ತಿಗೆ. ಅವರು ಚರ್ಮದ ಚೀಲ ಮೊಳೆಗೆ ತಗುಲಿಹಾಕಿದ ಸದ್ದು ಕೇಳಿದ ಮೇಲೆಯೇ ಅಮ್ಮ ಸೀಮೆಎಣ್ಣೆ ಸ್ಟವ್ ಹಚ್ಚುತ್ತಿದ್ದಳು. ಅವಲಕ್ಕಿಯೋ, ರವೆಯೋ, ಮಧ್ಯಾಹ್ನದ ಅನ್ನವೋ, ಕೊನೆಗೆ ಬರೀ ಪುರಿಯೋ, ಡಬ್ಬಿಯಲ್ಲಿ ಇದ್ದದ್ದು. ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕಪ್ಪಾಗುವ ಮುಂಚೆ ಕರಿಬೇವು ಬಿದ್ದರೆ ಆಯಿತು, ಊಟ ಆದ ಹಾಗೆಯೇ. ಒಗ್ಗರಣೆ ಸರಿಯಾಗಿ ಬಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ದಾರಿಗೆ ಬರುತ್ತದೆ ಅನ್ನುವುದು ಅವಳ ಲೆಕ್ಕಾಚಾರ. ನನ್ನ ಅಡುಗೆಯೂ ಪೂರ್ತಿ ಆ ಒಂದು ಸೌಟಿನ ಮೇಲೆ ನಿಂತಿತ್ತು.

ತೊಂಬತ್ತರ ದಶಕದ ನಡುವೆ ನನ್ನನ್ನು ಕೊಟ್ಟದ್ದು ಕೆ.ಆರ್. ಪೇಟೆ ಕಡೆಗೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ, ಗೋವಿಂದನಹಳ್ಳಿ ದಾರಿಯಲ್ಲಿ ಇಳಿದು, ಒಳಗೆ ಒಂದಷ್ಟು ದೂರ ನಡೆಯಬೇಕು. ರಾಗಿ, ಹುರುಳಿ ಬೆಳೆಯುವ ಹೊಲ, ಪಂಪ್‌ಸೆಟ್ಟಿನ ಕೆಳಗೆ ಒಂದು ತುಂಡು ಹಿಪ್ಪುನೇರಳೆ ತೋಟ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ಮೈದುನ. ಇವರೆಲ್ಲರಿಗಿಂತ ದೊಡ್ಡ ಯಜಮಾನಿಕೆ ರೇಷ್ಮೆ ಹುಳುಗಳದ್ದು. ಮರಿ ತಂದ ದಿನದಿಂದ ಗೂಡು ಬಿಡಿಸುವ ತನಕ ಹಜಾರ ಪೂರ್ತಿ ಅವುಗಳದೇ. ಬಿದಿರು ತಟ್ಟೆಗಳು ಗೋಡೆಯಿಂದ ಗೋಡೆಗೆ, ನೆಲದಿಂದ ತೊಲೆಯವರೆಗೆ. ನಾವು ಜಗಲಿಯಲ್ಲಿ ಮಲಗುವುದು. ಹೊಸ ಸೊಸೆಗೆ ಒಂದು ಕೋಣೆ ಇಲ್ಲ, ಹುಳಕ್ಕೆ ಹಜಾರ! ಈ ಮಾತನ್ನು ಒಂದು ಸಲ ಬಾಯಿಬಿಟ್ಟು ಆಡಿ ಬೈಸಿಕೊಂಡೆ.

ಹುಳ ಇರುವ ಮನೆಗೆ ಕಟ್ಟಳೆಗಳು ಬಹಳ. ಬೀಡಿ ಸೇದುವಂತಿಲ್ಲ. ದೇವರಿಗೆ ಊದುಬತ್ತಿ ಹಚ್ಚುವಂತಿಲ್ಲ, ಹೂವಿನಲ್ಲೇ ದೇವರು ತೃಪ್ತಿಪಡಬೇಕು. ಒಣಮೀನು ಸುಡುವ ಮಾತೇ ಇಲ್ಲ. ಎಲ್ಲಕ್ಕಿಂತ ಮೇಲೆ, ಮೆಣಸಿನಕಾಯಿ ಘಾಟು ಏಳುವಂತಿಲ್ಲ. ಘಾಟಿಗೆ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ನಿಂತುಬಿಡುತ್ತದೆ ಅನ್ನುತ್ತಾರೆ.

ಈ ಕೊನೆಯ ಕಟ್ಟಳೆಯನ್ನು ಯಾರೂ ನನಗೆ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಮದುವೆಯಾದ ಮೇಲಿನ ಮೊದಲ ಬೆಳೆ. ನನ್ನ ಕೈ ತೋರಿಸೋಣ ಅಂತ ಒಂದು ಸಂಜೆ ಒಳ್ಳೆಯ ಒಗ್ಗರಣೆ ಹಾಕಿದೆ. ಚುಂಯ್ ಅಂದ ಸದ್ದಿಗೇ ಅತ್ತೆ ಹಿತ್ತಿಲಿಂದ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಹಜಾರದಲ್ಲಿ ಸೊಪ್ಪು ಹಾಕುತ್ತಿದ್ದವರೆಲ್ಲ ಕೆಮ್ಮುತ್ತಿದ್ದಾರೆ. ಅತ್ತೆ ಬಾಣಲೆ ಸಮೇತ ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರಿದರು. ಅದಾಗಿ ಕೆಲವು ದಿನಕ್ಕೆ ಹುಳಕ್ಕೆ ಹಾಲುತೊಂಡೆ ರೋಗ ಬಂತು. ಮೈ ಊದಿ, ಮುಟ್ಟಿದರೆ ಹಾಲಿನಂಥ ನೀರು ಒಸರುವ ರೋಗ. ತಟ್ಟೆಗಟ್ಟಲೆ ಹುಳ ಅದೇ ತಿಪ್ಪೆ ಸೇರಿತು.

ಆ ವಾರ ಪೂರ್ತಿ ಸೋನೆ ಹಿಡಿದಿತ್ತು. ಗಂಡಸರು ನೆನೆದ ಸೊಪ್ಪನ್ನೇ ತಂದು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ರೇಷ್ಮೆ ಇಲಾಖೆಯಿಂದ ಬಂದಿದ್ದವರೂ ಒದ್ದೆ ಸೊಪ್ಪನ್ನೇ ದೂರಿ ಹೋದರು. ಆದರೆ ಒಣಗಿಸಿ ಹಾಕಬೇಕಿತ್ತು ಅಂತ ಬೇಸರ ಮಾಡಿಕೊಳ್ಳುವುದಕ್ಕಿಂತ ತಪ್ಪನ್ನು ಒಗ್ಗರಣೆಯ ಮೇಲೆ ಹಾಕುವುದು ಸುಲಭ. ನಾನು ಸೊಪ್ಪಿನ ವಿಷಯ ಎತ್ತಿದೆ. ಎತ್ತಿದ್ದು ಎರಡನೆಯ ಅಪರಾಧವಾಯಿತು.

"ಕಾಲಿಟ್ಟ ವರ್ಸವೇ ಉಳ ತಿಪ್ಪೆಗೋದೊ. ಮ್ಯಾಲೆ ನಮ್ಗೇ ಬುದ್ಧಿ ಯೋಳ್ತಾವ್ಳೆ," ಅಂದರು ಅತ್ತೆ. ಆಮೇಲೆ ನೆಟ್ಟಗೆ ನನ್ನ ಮುಖ ನೋಡಿ, "ನೋಡವ್ವ, ಮುಂದ್ಲು ಬೆಳೇನೂ ಓದ್ರೆ ನಿಮ್ಮಪ್ಪನ ಮನೇಗೆ ಬುಟ್ಬತ್ತೀವಿ. ನಿನ್ ಕಾಲ್ಗುಣ ನಮ್ಗೆ ಆಗ್ಬರಕಿಲ್ಲ," ಅಂದರು.

ನನ್ನ ಗಂಡ ಪಕ್ಕದಲ್ಲೇ ನಿಂತಿದ್ದ. ತೊಲೆ ನೋಡಿದ. ತೊಲೆಯಲ್ಲಿ ಏನೂ ಇರಲಿಲ್ಲ.

ಮುಂದಿನ ಬೆಳೆ ಕಾರ್ತಿಕದಲ್ಲಿ ಹಿಡಿದೆವು. ಹಿಂದಿನದು ಕೈಕೊಟ್ಟಿದ್ದರಿಂದ ಸಂತೆಗೆ ಹೋಗುವುದು ನಿಂತಿತ್ತು. ಅಡುಗೆಮನೆಯಲ್ಲಿ ಇದ್ದದ್ದು ಹೊಲದಿಂದ ಬಂದದ್ದು ಮಾತ್ರ. ಒಂದು ಮಣ್ಣಿನ ವಾಡೆಯಲ್ಲಿ ರಾಗಿ, ಇನ್ನೊಂದರಲ್ಲಿ ಹುರುಳಿ, ಮಡಕೆಗಳಲ್ಲಿ ಹುಚ್ಚೆಳ್ಳು, ಸಾಸಿವೆ, ಗಾಣದಲ್ಲಿ ಆಡಿಸಿದ ಎಣ್ಣೆ, ಹುಣಸೆಹಣ್ಣಿನ ಉಂಡೆ, ಆಲೆಮನೆಯಿಂದ ತಂದ ಬೆಲ್ಲ, ಒಣಮೆಣಸಿನಕಾಯಿ, ತೊಲೆಗೆ ಕಟ್ಟಿದ ಬೆಳ್ಳುಳ್ಳಿ ಗೊಂಚಲು. ಹಿತ್ತಿಲಲ್ಲಿ ತೆಂಗಿನಕಾಯಿ, ಕರಿಬೇವು. ನನ್ನ ಅಮ್ಮನಿಗೆ ಇಷ್ಟು ಸಿಕ್ಕಿದ್ದರೆ ಛತ್ರದ ಅಡುಗೆ ಮಾಡುತ್ತಿದ್ದಳು. ಆದರೆ ಸೌಟು ಒಲೆಯ ಮೇಲಿಡುವಂತಿಲ್ಲವಲ್ಲ.

ಮೊದಲ ಮೂರು ವಾರ ಕಷ್ಟವಾಗಲಿಲ್ಲ, ಹುಳ ಚಿಕ್ಕವು, ಉಣ್ಣುವವರು ಮನೆಯವರು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡುವ ಮುನ್ನ ಸೊಪ್ಪು ಬಿಟ್ಟು ನಿದ್ದೆಹೋಗುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಶುರುವಾಗುವುದು ಅವುಗಳ ಹಸಿವು. ತಟ್ಟೆಗೆ ಹಾಕಿದ ಸೊಪ್ಪು ಕಣ್ಣೆದುರಿಗೇ ಕರಗುತ್ತದೆ. ಹಜಾರದಲ್ಲಿ ನಿಂತರೆ ಹೊರಗೆ ಜಡಿಮಳೆ ಹಿಡಿದಿದೆಯೇನೋ ಅನ್ನುವಷ್ಟು ಅಗಿಯುವ ಸದ್ದು. ಗೂಡಿಗೆ ಹೋಗುವವರೆಗಿನ ಆ ಒಂದು ವಾರ ಮನೆಯವರ ಕೈ ಸಾಲದು. ಆಗ ಬೇಕು ಮುಯ್ಯಾಳುಗಳು.

ಮುಯ್ಯಾಳಿಗೆ ಕೂಲಿಯಿಲ್ಲ. ಈ ಬೆಳೆಗೆ ನಿಮ್ಮ ಮನೆಯಿಂದ ಒಬ್ಬರು ನಮ್ಮಲ್ಲಿ ಸೊಪ್ಪು ಕೊಯ್ದರೆ, ನಿಮ್ಮ ಬೆಳೆಗೆ ನಮ್ಮ ಮನೆಯಿಂದ ಒಬ್ಬರು ಬಂದು ಮುಯ್ಯಿ ತೀರಿಸಬೇಕು. ಕೆಲಸ ಮಾಡಿದ ಮನೆಯಲ್ಲಿ ಸಂಜೆ ಊಟ. ಆ ಊಟ ಚೆನ್ನಾಗಿದ್ದರೆ ಮಾರನೆಯ ದಿನ ಕರೆಯುವ ಮುಂಚೆ ಬರುತ್ತಾರೆ. ಚೆನ್ನಾಗಿಲ್ಲದಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವರ ಗದ್ದೆಗೆ ನೀರು ಕಟ್ಟುವ ಕೆಲಸ ಬಂದುಬಿಡುತ್ತದೆ. ಅವರು ಬರದಿದ್ದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಗೂಡಿಲ್ಲ. ಗೂಡಿಲ್ಲದಿದ್ದರೆ ನಾನು ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕು.

ಅಡುಗೆಗೆಂದು ಬಿಡುವೂ ಇಲ್ಲ. ಸಂಜೆಯ ಸೊಪ್ಪು ಹಾಕುವವರಲ್ಲಿ ನಾನೂ ಒಬ್ಬಳು. ಅದು ಮುಗಿದು ಕೈ ತೊಳೆದು ಅಡುಗೆಮನೆಗೆ ಬರುವ ಹೊತ್ತಿಗೆ ಹನ್ನೆರಡು ಹದಿಮೂರು ಜನ ಹಿತ್ತಿಲ ಬಚ್ಚಲಲ್ಲಿ ಕಾಲು ತೊಳೆಯುತ್ತಿರುತ್ತಿದ್ದರು. ಅಪ್ಪನ ಚೀಲದ ಸದ್ದು ಇಲ್ಲಿ ಚೊಂಬಿನ ಸದ್ದಾಗಿತ್ತು, ಅಷ್ಟೆ.

ಮೊದಲೆರಡು ದಿನ ಮುದ್ದೆ, ಉಪ್ಪೆಸರು. ಬದುವಿನ ಸೊಪ್ಪು, ಕಾಳು ಬೇಯಿಸಿದ ನೀರಿಗೆ ಹಸಿಮೆಣಸಿನಕಾಯಿ ಬೇಯಿಸಿ ಅರೆದ ಖಾರ. ಅದಕ್ಕೆ ಒಗ್ಗರಣೆಯೇ ಬೇಡ, ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನವೂ ಅದನ್ನೇ ಕಂಡು ಮುಖಗಳು ಸಪ್ಪಗಾದವು. ನಾಲ್ಕನೆಯ ದಿನ ಬುದ್ಧಿವಂತಿಕೆ ತೋರಿಸಲು ಹೋದೆ. ನನ್ನ ತವರಿಂದ ಬಂದಿದ್ದ ಅವಲಕ್ಕಿಯನ್ನು ಹುಣಸೆರಸ, ಬೆಲ್ಲದಲ್ಲಿ ನೆನೆಸಿ, ಕಾಯಿತುರಿ ಹಾಕಿ ಕಲಸಿ ಬಡಿಸಿದೆ. ನಮ್ಮ ಮನೆಯಲ್ಲಿ ಅದು ಊಟ. ದಿನವಿಡೀ ಹಿಪ್ಪುನೇರಳೆ ಕಡ್ಡಿ ಕಡಿದವರಿಗೆ ಅದು ಊಟವಲ್ಲ, ಊಟಕ್ಕೆ ಮುಂಚೆ ಬಾಯಿಗೆ ಹಾಕಿಕೊಳ್ಳುವುದು. ತಿಂದು ಮುಗಿಸಿ ಮುದ್ದೆಗಾಗಿ ಕಾಯುತ್ತ ಕುಳಿತರು. ಮುದ್ದೆ ಇಲ್ಲ ಅಂತ ಗೊತ್ತಾದಾಗ ಮೂಲೆಮನೆಯ ಯಜಮಾನರು, ಮುಯ್ಯಾಳುಗಳಲ್ಲಿ ಎಲ್ಲರಿಗಿಂತ ಹಿರಿಯರು, ನಿಧಾನವಾಗಿ ಕೈ ತೊಳೆದರು.

"ನಾಳೀಕೆ ಗದ್ದೆಗೆ ನೀರ್ ಕಟ್ಬೇಕು ಕಣ್ಲಾ," ಅಂದರು ಮಾವನಿಗೆ. "ಬರಾಕಾಯ್ತದೋ ಇಲ್ವೋ."

ಅವರ ಹಿಂದೆ ಇನ್ನಿಬ್ಬರಿಗೂ ನಾಳೆ ಏನೇನೋ ಕೆಲಸ ನೆನಪಾಯಿತು.

ಅವರೆಲ್ಲ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು. ಬೈಯಲು ಬಂದರು ಅಂದುಕೊಂಡೆ. ಅವರ ದನಿ ಬೇರೆಯೇ ಆಗಿತ್ತು.

"ನಾಳೀಕೆ ಒಂದಿಷ್ಟು ಒಗ್ಗರಣೆ ಆಕ್ಬುಡವ್ವ. ಬಾಗ್ಲು ಮುಚ್ಕೊಂಡು ಆಕಿದ್ರೆ ಯಾರ್ಗೂ ಗೊತ್ತಾಗಕಿಲ್ಲ."

ನನಗೆ ನೆತ್ತಿಗೇರಿತು. ನನ್ನ ಒಗ್ಗರಣೆ ತಿಪ್ಪೆಗೆ ಸುರಿದ ಕೈ ಇದೇ ಅಲ್ಲವೇ?

"ಈಗ ಗೊತ್ತಾಗಲ್ಲ ಅತ್ತೆ. ಹುಳ ಹೋದ್ರೆ ಆಗ ಊರಿಗೆಲ್ಲ ಗೊತ್ತಾಗುತ್ತೆ, ಹಾಕಿದವಳು ನಾನು ಅಂತ. ನಾನಂತೂ ಈ ಒಲೆ ಮೇಲೆ ಹಾಕಲ್ಲ."

"ಅಂಗಾರೆ ನಾಳೆ ಯಾರವ್ವ ಬತ್ತಾರೆ ಸೊಪ್ಪು ಕುಯ್ಯಾಕೆ?"

"ನಾಳೆ ಒಂದು ದಿನ ಬನ್ನಿ ಅಂತ ನೀವೇ ಹೋಗಿ ಕರೀರಿ. ನಾಡಿದ್ದು ಕರೆಯೋದೇ ಬೇಕಾಗದಂಗೆ ನಾನು ಮಾಡ್ತೀನಿ."

ಮಾತು ದೊಡ್ಡದಾಗಿಯೇ ಬಂದುಬಿಟ್ಟಿತು. ಏನು ಮಾಡುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಆದರೆ "ಈ ಒಲೆ ಮೇಲೆ" ಅಂದಿದ್ದೆನಲ್ಲ, ಅದೇ ನನ್ನ ಕೈ ಹಿಡಿಯಿತು. ಈ ಒಲೆ ಅಲ್ಲದಿದ್ದರೆ ಇನ್ನೊಂದು ಒಲೆ!

ಮಾರನೆಯ ಬೆಳಿಗ್ಗೆ ಅತ್ತೆ ಆ ಮೂರು ಮನೆಗೂ ಹೋಗಿ ಕರೆದು ಬಂದರು. ಮಧ್ಯಾಹ್ನ ನಾನು ಸೊಪ್ಪಿನ ಹೊರೆಗೆ ಹೋಗುವಾಗ ಬಾಣಲೆ, ಎಣ್ಣೆ ಶೀಸೆ, ಒಂದು ಗೊಂಚಲು ಬೆಳ್ಳುಳ್ಳಿ, ಮೆಣಸಿನಕಾಯಿ, ಸಾಸಿವೆ, ಕರಿಬೇವು, ಹುಚ್ಚೆಳ್ಳು ಎಲ್ಲ ಬುಟ್ಟಿಗೆ ಹಾಕಿಕೊಂಡೆ. ತೋಟದ ಆಚೆ ತುದಿಯಲ್ಲಿ ಪಂಪ್‌ಸೆಟ್ ಮನೆ, ಸೊಪ್ಪು ಕೊಯ್ಯುವವರು ಈಚೆ ತುದಿಯಲ್ಲಿದ್ದರು. ಅಲ್ಲಿಂದ ನಮ್ಮ ಮನೆಯ ಹಂಚು ಸಹ ಕಾಣಿಸುವುದಿಲ್ಲ, ಗಾಳಿಯೂ ಆಚೆ ಕಡೆಗೆ ಬೀಸುತ್ತಿತ್ತು. ಮೂರು ಕಲ್ಲು ಹೂಡಿ, ಸೊಪ್ಪು ಬಿಡಿಸಿ ಎಸೆದ ಒಣ ಕಡ್ಡಿಗೆ ಬೆಂಕಿ ಹಚ್ಚಿದೆ. ಮೊದಲು ಹುಚ್ಚೆಳ್ಳು ಹುರಿದೆ. ಅದು ಚಿಟಪಟ ಅನ್ನುವಾಗ ತೆಗೆದು ಮೆಣಸಿನಕಾಯಿ ಹುರಿದೆ. ಘಾಟು ಎದ್ದಿತು ನೋಡಿ! ಒಬ್ಬಳೇ ನಿಂತು ಕಣ್ಣಲ್ಲಿ ನೀರು ಸುರಿಸಿಕೊಂಡು ಕೆಮ್ಮಿದೆ. ಎಷ್ಟು ದಿನವಾಗಿತ್ತು ಆ ಕೆಮ್ಮು ಕೆಮ್ಮಿ. ಹಬ್ಬ ಮಾಡಿದಷ್ಟು ಖುಷಿಯಾಯಿತು.

ಆಮೇಲೆ ಬಾಣಲೆಗೆ ಎಣ್ಣೆ ಸುರಿದು ಸಾಸಿವೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ತನಕ ಬಾಡಿಸಿ, ಮುರಿದ ಮೆಣಸಿನಕಾಯಿ, ಕರಿಬೇವು ಹಾಕಿ ಗರಿಗರಿಯಾಗಿ ಇಳಿಸಿದೆ. ಒಂದು ಊಟದ್ದಲ್ಲ, ಗೂಡು ಕಟ್ಟುವವರೆಗಿನ ಅಷ್ಟೂ ಊಟದ ಒಗ್ಗರಣೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಪಂಪಿನ ನೀರಲ್ಲಿ ಬಾಣಲೆ ತಿಕ್ಕಿ, ಮುಖ ಕೈ ತೊಳೆದು, ಮೊದಲೇ ತಂದಿಟ್ಟಿದ್ದ ಬೇರೆ ಸೀರೆ ಉಟ್ಟು ಮನೆಗೆ ಬಂದೆ. ಸೊಪ್ಪಿನ ಹೊರೆ ತಲೆಯ ಮೇಲೆ, ಡಬ್ಬಿ ಕಂಕುಳಲ್ಲಿ.

ಮಿಕ್ಕಿದ್ದು ಕೊಟ್ಟಿಗೆಯಲ್ಲೇ ಸಿದ್ಧವಿತ್ತು. ಎತ್ತುಗಳಿಗೆಂದು ಮಾವ ಪ್ರತಿದಿನ ಮಧ್ಯಾಹ್ನ ಕೊಟ್ಟಿಗೆಯ ಪಕ್ಕದ ಒಲೆಯಲ್ಲಿ ಹುರುಳಿ ಬೇಯಲು ಇಡುತ್ತಿದ್ದರು. ಸಂಜೆಗೆ ಅದು ಬೆಂದು, ಕಟ್ಟು ಕೆಂಪಗೆ ಗಟ್ಟಿಯಾಗಿ ನಿಂತಿರುತ್ತಿತ್ತು. ಆ ಕಟ್ಟು ಬಸಿದುಕೊಂಡೆ. ಅವತ್ತು ಎತ್ತುಗಳ ಪಾಲಿನಲ್ಲಿ ಕಾಳನ್ನೂ ಒಂದಷ್ಟು ಕಸಿದೆ. ಒಂದು ಹಿಡಿ ಕಾಳಿಗೆ ತೆಂಗಿನಕಾಯಿ, ಹುರಿದ ಮೆಣಸಿನಕಾಯಿ ಸೇರಿಸಿ ಅರೆದು, ಹುಣಸೆಹುಳಿ ಹಿಂಡಿ ಕುದಿಸಿದೆ. ಪಕ್ಕದ ಒಲೆಯಲ್ಲಿ ಅತ್ತೆ ಮುದ್ದೆ ತೊಳಸುತ್ತಿದ್ದರು. ಚೊಂಬಿನ ಸದ್ದು ಕೇಳಿಸಿತು. ಸಾರು ಇಳಿಸಿ ಹಿತ್ತಿಲಿಗೆ ಒಯ್ದು, ಕುದಿ ನಿಂತ ಮೇಲೆ ಡಬ್ಬಿ ತೆಗೆದು ಒಂದು ಸೌಟು ಒಗ್ಗರಣೆ ಬಿಟ್ಟು ಮುಚ್ಚಿದೆ. ಚುಂಯ್ ಇಲ್ಲ, ಹೊಗೆ ಇಲ್ಲ. ಉಳಿದ ಕಾಳಿಗೂ ಕಾಯಿತುರಿ ಹಾಕಿ, ಮೇಲೆ ಒಂದು ಚಮಚ.

ಮುಚ್ಚಳ ತೆಗೆದು ಬಡಿಸಿದ್ದೇ ಮೂಲೆಮನೆಯ ಯಜಮಾನರ ಮೂಗು ಮೇಲೆದ್ದಿತು.

"ಲೇ, ಬೆಳ್ಳುಳ್ಳಿ ಒಗ್ಗರಣೆ ಕಣ್ಲಾ ಇದು! ಉಳ ಮಡಿಕೊಂಡು ಒಗ್ಗರಣೆ ಆಕವ್ರಲ್ಲೋ!"

ಮಾವ ತಟ್ಟೆ ಬಿಟ್ಟು ಎದ್ದೇಬಿಟ್ಟರು. ಅತ್ತೆಯ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ಮಾವ ನನ್ನ ಮುಖ ಸಹ ನೋಡದೆ ಅಡುಗೆಮನೆಗೆ ನುಗ್ಗಿದರು, ಅಲ್ಲಿಂದ ಹಜಾರಕ್ಕೆ. ನಾನು ಕದಲಲಿಲ್ಲ. ಹಜಾರದಲ್ಲಿ ಅಗಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಮಾವ ತಟ್ಟೆತಟ್ಟೆಗೂ ಬಗ್ಗಿ ನೋಡಿದರು, ಗಾಳಿ ಮೂಸಿದರು. ಹಸಿ ಸೊಪ್ಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

ಹೊರಗೆ ಬಂದು, "ಎಲ್ಲಿ ಆಕ್ದವ್ವ ಇದ?" ಅಂದರು.

"ಪಂಪ್‌ಸೆಟ್ ಹತ್ರ, ಮಾವ. ಮಧ್ಯಾಹ್ನ." ಡಬ್ಬಿ ಮುಂದೆ ಹಿಡಿದೆ.

ಅವರು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ತಣ್ಣಗಿತ್ತು. ಅದನ್ನು ಮೂಲೆಮನೆಯ ಯಜಮಾನರ ಕೈಗೆ ಕೊಟ್ಟರು. ಅವರೂ ಮುಟ್ಟಿ ನೋಡಿದರು.

"ಒಗ್ಗರಣೆಯ ಬುತ್ತಿ ಕಟ್ಕೊಂಡ್ ಬಂದವ್ಳೆ ಕಣ್ಲಾ ನಿನ್ ಸೊಸೆ!" ಅಂತ ನಕ್ಕು, ಡಬ್ಬಿಯಿಂದ ಇನ್ನೊಂದು ಚಮಚ ತಮ್ಮ ಸಾರಿಗೆ ತಾವೇ ಬಿಟ್ಟುಕೊಂಡರು. ಆಮೇಲೆ ಮುದ್ದೆ ಮುರಿಯುವುದು, ಸಾರಿಗೆ ಅದ್ದುವುದು, ಇಷ್ಟೇ. ಅತ್ತೆ ಎರಡನೆಯ ಸಲ ಎಸರಿಡಬೇಕಾಯಿತು.

ಮಾರನೆಯ ದಿನ ಯಾರ ಗದ್ದೆಗೂ ನೀರು ಬೇಕಾಗಿರಲಿಲ್ಲ. ಕರೆಯುವ ಮುಂಚೆ ಬಂದರು, ಒಬ್ಬರು ತಮ್ಮನನ್ನೂ ಕರೆದುಕೊಂಡು ಬಂದಿದ್ದರು. ಆಮೇಲಿನ ಪ್ರತಿ ಸಂಜೆಯೂ ನನ್ನದು. ಒಂದು ದಿನ ಹುಚ್ಚೆಳ್ಳು ಅರೆದು ಹುಣಸೆಹುಳಿ, ಬೆಲ್ಲದ ಗೊಜ್ಜು. ಅದಕ್ಕೆ ಒಲೆಯೇ ಬೇಡ, ಮುದ್ದೆ ಆಗುವಷ್ಟರಲ್ಲಿ ಗೊಜ್ಜೂ ಆಗಿರುತ್ತಿತ್ತು. ಒಂದು ದಿನ ಮಜ್ಜಿಗೆಗೆ ಹುರುಳಿ ಹಿಟ್ಟು ಕದಡಿ ಕುದಿಸಿದ್ದು. ಮತ್ತೊಂದು ದಿನ ಬರೀ ಹುಣಸೆನೀರಿನ ಸಾರು, ಹೊಟ್ಟೆ ತುಂಬಲು ಕಾಳಿನ ಪಲ್ಯ. ಎಲ್ಲಕ್ಕೂ ಕೊನೆಯಲ್ಲಿ ಅದೇ ಡಬ್ಬಿಯ ಒಂದು ಸೌಟು. ಸಂತೆಯಿಂದ ಒಂದು ಬದನೆಕಾಯಿ ಸಹ ಬಂದಿರಲಿಲ್ಲ. ಉಂಡವರು ಯಾರಿಗೂ ಅದು ನೆನಪಾಗಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ, ಯಾಕೆ ಉಬ್ಬಬಾರದು?

ಹುಳ ಹಣ್ಣಾದವು. ಹೊನ್ನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಆಡಿಸತೊಡಗಿದ ಮೇಲೆ ಎಲ್ಲರೂ ಸೇರಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಗೂಡು ಕಟ್ಟಲು ಸುರುಳಿಯಾಗಿ ನೇಯ್ದ ಬಿದಿರಿನ ತಡಿಕೆ ಅದು. ಅಂಗಳದ ತುಂಬ ಚಂದ್ರಿಕೆಗಳು ಒರಗಿ ನಿಂತವು. ಕೆಲವು ದಿನಕ್ಕೆ ಅವುಗಳ ಮೈ ತುಂಬ ಗೂಡು, ಬೆರಳು ಇಡಲು ಜಾಗವಿಲ್ಲ. ಒಂದು ಗೂಡು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗಟ್ಟಿ ಸದ್ದು, ಹುಳ ಒಳಗೆ ಕೊಳೆತಿಲ್ಲ ಅನ್ನುವುದಕ್ಕೆ ಗುರುತು. ಅಲ್ಲೇ ಕುಳಿತು ಅತ್ತುಬಿಟ್ಟೆ, ಯಾರೂ ಇರಲಿಲ್ಲ.

ಮಾವ, ನನ್ನ ಗಂಡ ಗೂಡು ಮಾರಿ ಬಂದ ದಿನ ನಗುನಗುತ್ತ ಬಂದರು. ನೋಡಲು ಬಂದ ಹೆಂಗಸರೆಲ್ಲ ಅತ್ತೆಗೆ ಒಂದೇ ಮಾತು ಹೇಳಿದರು: ಸೊಸೆಯ ಕಾಲ್ಗುಣ ಈ ಸಲ ಆಗಿಬಂತು. ನನಗೆ ರೇಗಿತು. ಹುಳ ಹೋದರೂ ಕಾಲು, ಹುಳ ಉಳಿದರೂ ಕಾಲು. ಒಂದು ವಾರ ಅಷ್ಟು ಜನರಿಗೆ ಅಡುಗೆ ಮಾಡಿದ ಕೈ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಅತ್ತೆ ಅವರಿಗೆಲ್ಲ ಸುಮ್ಮನೆ ಎಲೆ ಅಡಿಕೆ ಕೊಟ್ಟು ಕಳಿಸಿದರು. ಅಪ್ಪನ ಮನೆಯ ಮಾತು ನಿಂತಿತಲ್ಲ, ಸಾಕು ಅಂದುಕೊಂಡೆ. ಸಾಕು ಅನ್ನಿಸಲಿಲ್ಲ ಅನ್ನುವುದೂ ನಿಜ.

ತಿಂಗಳಾದ ಮೇಲೆ ಮೂಲೆಮನೆಯ ಯಜಮಾನರ ಹುಳ ನಾಲ್ಕನೇ ಜ್ವರದಿಂದ ಎದ್ದವು. ಮುಯ್ಯಿ ಕೇಳಲು ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕುಳಿತರು. ನಾನು ಬಾಗಿಲ ಹಿಂದೆ ರಾಗಿ ಕೇರುತ್ತಿದ್ದೆ.

"ನಮ್ ಚಿಕ್ಕೋನ್ನ ಕಳುಸ್ತೀನಿ ಬುಡು," ಅಂದರು ಮಾವ.

"ನಿನ್ ಮಗ ಬ್ಯಾಡ ಕಣ್ಲಾ. ಸೊಪ್ಪು ಕುಯ್ಯಾಕೆ ಜನ ಅವ್ರೆ, ಉಣ್ಣಾಕಿಕ್ಕೋರಿಲ್ಲ. ನಿನ್ ಸೊಸೆ ಕಳುಸು. ಆ ಡಬ್ಬಿನೂವೆ."

ಮಾವ ತಬ್ಬಿಬ್ಬಾದರು. ಮುಯ್ಯಿಗೆ ಗಂಡಾಳು ಹೋಗುವುದುಂಟು, ಹೆಣ್ಣಾಳು ಹೋಗುವುದುಂಟು. ಅಡುಗೆ ಮಾಡುವುದನ್ನು ಆಳಿನ ಲೆಕ್ಕಕ್ಕೆ ಹಿಡಿದದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದೆ.

ಅಷ್ಟರಲ್ಲಿ ಅತ್ತೆ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು ಜಗಲಿಯ ಮುಂದೆ ನಿಂತರು.

"ಕಳುಸ್ತೀವಿ ಕಣಣ್ಣ. ಆದ್ರೆ ನಮ್ ಸೊಸೆ ಒಬ್ಬಳು ಬಂದ್ರೆ ಎಲ್ಡು ಆಳು ಲೆಕ್ಕ. ಮುಂದ್ಲು ಬೆಳೇಗೆ ನಿಮ್ಮನೇಯಿಂದ ಇಬ್ರು ಬರ್ಬೇಕು. ಒಪ್ಗೆ ಆದ್ರೆ ಕರ್ಕೊಂಡೋಗಿ, ಇಲ್ದಿದ್ರೆ ಬುಡಿ."

"ಎಲ್ಡೇ ಆಗ್ಲಿ ಬುಡವ್ವ," ಅಂದರು ಯಜಮಾನರು.

ಅತ್ತೆ ಕೈ ತೊಳೆದು ಒಳಗೆ ಬಂದರು. ತೊಲೆಗೆ ಕಟ್ಟಿದ್ದ ಬೆಳ್ಳುಳ್ಳಿಯಲ್ಲಿ ದಪ್ಪ ಗೊಂಚಲು ನೋಡಿ ಬಿಚ್ಚಿ, ಡಬ್ಬಿಯ ಜೊತೆಗೆ ನನ್ನ ಕೈಗೆ ಕೊಟ್ಟರು. "ಅವ್ರ ಮನೆ ಬೆಳ್ಳುಳ್ಳಿ ಕಡ್ಡಿ ಇದ್ದಂಗಿರ್ತದೆ, ನಮ್ಮನೇದೇ ತಕ್ಕೊಂಡೋಗು," ಅಂದರು.

ನಾನು ಹೊಸಿಲು ದಾಟಿದೆ. ಬಲಗಾಲು ಮೊದಲು ಇಟ್ಟೆನೋ ಎಡಗಾಲೋ, ಯಾರೂ ನೋಡಲಿಲ್ಲ. ಎಲ್ಲರೂ ನನ್ನ ಕೈಯಲ್ಲಿದ್ದ ಡಬ್ಬಿ ನೋಡುತ್ತಿದ್ದರು.